ನೋಡುವವಳು, ಬರೆಯುವವಳು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶ್ರೀನಿವಾಸಪುರದ ಹೊರಗಿದ್ದ ಒಂದು ಖಾಸಗಿ ರೇಷ್ಮೆ ಬಿತ್ತನೆ ಕೋಠಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಹುಳು ಸಾಕುವ ರೈತರಿಗೆ ಮೊಟ್ಟೆ ಒದಗಿಸುವುದು ನಮ್ಮ ಕೆಲಸ. ಒಂದೊಂದು ಚಿಟ್ಟೆಯೂ ತನ್ನ ನಂಬರಿನ ಕಾರ್ಡಿನ ಮೇಲೆ ಮೊಟ್ಟೆ ಇಡುತ್ತಿತ್ತು. ಆಮೇಲೆ ಆ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗಂಟುರೋಗದ ಕಾಳು, ಅಂದರೆ ಕಾಳಿನಂತೆ ಕಾಣುವ ರೋಗಾಣು, ಒಂದೇ ಒಂದು ಕಂಡರೂ ಆ ನಂಬರಿನ ಕಾರ್ಡನ್ನು ಸುಡಬೇಕು. ತಾಯಿಯ ರೋಗ ಮೊಟ್ಟೆಗೂ ಇಳಿದಿರುತ್ತದೆ. ಅದು ಹೊರಗೆ ಹೋದರೆ ಒಂದು ಮನೆಯ ಹುಳುವೆಲ್ಲ ಹೋದಂತೆ.

ಹೀಗೆ ನೋಡುವ ಕೋಣೆಯಲ್ಲಿ ಆರು ಜನ ಹೆಂಗಸರಿದ್ದರು. ಅವರಲ್ಲಿ ಒಬ್ಬಳ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತು, ಬರೆಯಲಾಗದೆ ಎದ್ದಿದ್ದೇನೆ. ಮೂವತ್ತು ದಾಟಿದವಳು, ಇಬ್ಬರು ಹೆಣ್ಣುಮಕ್ಕಳ ತಾಯಿ, ಗಂಡ ತೀರಿಕೊಂಡಿದ್ದ. ನಮ್ಮಲ್ಲಿಗೆ ಬರುವ ಮುಂಚೆ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯುತ್ತಿದ್ದಳು. ಮತ್ತೆ ಆ ಬಿಸಿಲಿಗೆ ಹೋಗುವಂತಾಗಬಾರದು, ಅಷ್ಟೇ ಅವಳ ಆಸೆ. ನನಗಿಂತ ದೊಡ್ಡವಳಾದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಕಾಲಿಗೆ ಚಕ್ರ ಕಟ್ಟಿಕೊಂಡವಳು. ಹತ್ತು ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿಯಬೇಕು, ಕಿಟಕಿಯಲ್ಲಿ ಮುಳಬಾಗಿಲಿನ ಬಸ್ಸು ನೋಡಿ ಬರಬೇಕು. ಮೂರು ಕೆಲಸ ಹೇಳಿದರೆ ಒಂದನ್ನು ಮಾಡಿ, ಮಿಕ್ಕಿದ್ದೇನೆಂದು ನನ್ನ ಮುಖ ನೋಡುತ್ತಿದ್ದಳು. ಅಂಕಿ ಬರೆಯುವಾಗಲಂತೂ ನಲವತ್ತೇಳು ಎಪ್ಪತ್ನಾಲ್ಕಾಗುತ್ತಿತ್ತು. "ತಲೇಲಿ ಏನ್ ತುಂಬ್ಕೊಂಡಿದ್ದೀಯೇ?" ಎಂದು ಎಲ್ಲರೆದುರು ನಾನೂ ಬೈದಿದ್ದೇನೆ. ಆಗ ನನಗೆ ಇಪ್ಪತ್ತಾರು, ಬಾಯಿ ದೊಡ್ಡದು. ಕೆಲವರ ತಲೆ ಓಡುವ ರೀತಿಯೇ ಬೇರೆ, ಅದು ಸೋಮಾರಿತನವಲ್ಲ ಎಂದು ಹೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ.

ಆದರೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಅವಳೇ ಬೇರೆ. ಉಳಿದವರು ನಡುವೆ ನೋಡಿ ಗಾಜು ತೆಗೆದರೆ ಇವಳು ಅಂಚಿಗೆಲ್ಲ ಹೋಗಿ ಹುಡುಕುತ್ತಿದ್ದಳು. ಬೇರೆಯವರು ಪಾಸು ಮಾಡಿದ್ದರಲ್ಲೂ ರೋಗ ಹಿಡಿದುಕೊಟ್ಟಳು. ನಾನು ಮತ್ತೆ ಪರೀಕ್ಷಿಸಿದಾಗಲೆಲ್ಲ ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು.

ಅದೇ ಕೋಣೆಯಲ್ಲಿ ಕಣ್ಣು ಮಂಜಾಗುತ್ತಿದ್ದ ಒಬ್ಬ ಹಿರಿಯಾಕೆ ಇದ್ದರು. ಅಕ್ಷರ ಮುತ್ತಿನಂಥದ್ದು. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದೆ. ಇವಳು ನೋಡಿ ಹೇಳುವುದು, ಅವರು ಕಾರ್ಡು ಹಿಡಿದು ನಂಬರು ಬರೆಯುವುದು. ಇವಳು ಎದ್ದು ಹೋದಾಗ ಅವರು ಮುಂದಿನ ಗಾಜು ಸಿದ್ಧಮಾಡುತ್ತಿದ್ದರು. ಒಂದು ವರ್ಷ ಒಂದು ತಪ್ಪೂ ಆಗಲಿಲ್ಲ. ನನಗೆ ಜಂಬವೂ ಬಂದಿತ್ತು.

ಆಮೇಲೆ ಕೋಲಾರದಿಂದ ಹೊಸ ಮ್ಯಾನೇಜರ್ ಬಂದರು.

"ನೋಡೀಮ್ಮಾ, ಒಬ್ರ ಕೆಲಸ ಇಬ್ರು ಮಾಡಿದ್ರೆ, ತಪ್ಪಾದಾಗ ಯಾರನ್ನ ಹಿಡೀಲಿ? ಒಬ್ರಿಗೆ ಒಂದ್ ಮೇಜು. ನೋಡಿದೋರೇ ಬರೀಬೇಕು, ಸೈನೂ ಹಾಕ್ಬೇಕು."

"ಸಾರ್, ಅವಳಂಥ ಕಣ್ಣು..."

"ಕಣ್ಣು ಎಲ್ರಿಗೂ ಅವೆ."

ಅಲ್ಲಿಗೆ ನನ್ನ ವಾದ ಮುಗಿಯಿತು. ಊಟದ ಹೊತ್ತಿನಲ್ಲಿ ಸ್ಲೇಟು ತಂದು ಅವಳಿಗೆ ಅಂಕಿ ತಿದ್ದಿಸಿದೆ. ಮುದ್ದೆ ತಿಂದ ಕೈ ತೊಳೆದು ಬಂದು ಮಗುವಿನ ಹಾಗೆ ಕೂರುತ್ತಿದ್ದಳು. ಸ್ಲೇಟಿನ ಮೇಲೆ ಸರಿಬಂದದ್ದು ರಿಜಿಸ್ಟರಿನಲ್ಲಿ ತಿರುಗುತ್ತಿತ್ತು. ನನಗೇ ಅಳು ಬರುತ್ತಿತ್ತು.

ಬೇಡಿಕೆ ಏರಿದ್ದ ಒಂದು ವಾರ, ಮ್ಯಾನೇಜರ್ ಕೋಣೆಯಲ್ಲೇ ನಿಂತಿದ್ದಾಗ ಅವಳು ಕರೆದಳು. "ಅಕ್ಕಾ, ಇದ್ರಾಗೆ ಐತೆ. ಒಂದ್ಸಲ ಬನ್ನಿ, ನಂಬರು ನೋಡಿ."

"ನಿನ್ ಕೆಲಸ ನೀನ್ ಮಾಡೇ. ಬರ್ಕೊ," ಎಂದೆ. ಅವರ ಕಣ್ಣೆದುರು ಎದ್ದುಹೋಗುವ ಧೈರ್ಯ ನನಗಿರಲಿಲ್ಲ.

ತಿಂಗಳಾಗುವ ಮೊದಲೇ ದೇವರಾಯಸಮುದ್ರದ ಕಡೆಯ ರೈತನೊಬ್ಬ ಸತ್ತ ಹುಳುಗಳ ಬುಟ್ಟಿ ತಂದು ಬಾಗಿಲಲ್ಲಿಟ್ಟ. ನಾವು ಕೊಟ್ಟ ಕಾರ್ಡುಗಳನ್ನೂ ತಂದಿದ್ದ. ಅವನ ಕಾರ್ಡುಗಳಲ್ಲಿ ಇಪ್ಪತ್ತೈದನೇ ನಂಬರಿತ್ತು. ಅವಳು ಬರೆದಂತೆ ನಾವು ಸುಟ್ಟದ್ದು ಐವತ್ತೆರಡು.

"ನಾನ್ ಕಂಡಿದ್ದೆ ಸಾರ್. ಅಕ್ಕಂಗೆ ಕೂಗಿ ಹೇಳ್ದೆ," ಎಂದಳು.

ಮ್ಯಾನೇಜರ್ ನನ್ನತ್ತ ತಿರುಗಿದರು. "ಹೌದೇನಮ್ಮಾ?"

ಮನೆಯಲ್ಲಿ ನನ್ನ ಸಂಬಳಕ್ಕೇ ಕಾಯುವ ನಾಲ್ಕು ಜನ. "ಗದ್ದಲದಲ್ಲಿ ಕೇಳಿಸಲಿಲ್ಲ ಸಾರ್," ಎಂದುಬಿಟ್ಟೆ.

ನಾಳೆಯಿಂದ ಬರಬೇಡ ಎಂದು ಅವಳಿಗೆ ಹೇಳಿದರು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬುತ್ತಿ ಡಬ್ಬಿ ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ಅಕ್ಕಾ, ನಾನ್ ನೋಡ್ತಿದ್ದ ಗಾಜು ಅಂಗೇ ಐತೆ. ಎಡಗಡೆ ಅಂಚಿನಾಗೆ ಒಂದೈತೆ. ನಾನ್ ಬರ್ದಿಲ್ಲ, ನೀವೇ ಬರ್ಕೊಳ್ಳಿ."

ಅವಳು ಹೋದ ಮೇಲೆ ಆ ಮೇಜಿಗೆ ಹೋಗಿ ಕೂತೆ. ಎಡ ಅಂಚಿನಲ್ಲಿ ಒಂದೇ ಒಂದು ಕಾಳು ಹೊಳೆಯುತ್ತಿತ್ತು. ಪೆನ್ನು ತೆಗೆದು ರಿಜಿಸ್ಟರಿನಲ್ಲಿ ಆ ನಂಬರು ಬರೆದೆ. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.