ಪ್ಯಾಸಿವ್ ವಾಯ್ಸಿನಲ್ಲಿ ಗಂಡನ ಹೆಸರು

ನಾನು ಓದು ನಿಲ್ಲಿಸಿದ್ದು 1970ರಲ್ಲಿ, ದೇವದುರ್ಗದಲ್ಲಿ, ಎಂಟನೇ ತರಗತಿ ಅರ್ಧಕ್ಕೆ ಬಿಟ್ಟು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ತೀರಿಕೊಂಡಿದ್ದ, ಇದ್ದ ಕುರಿಗಳನ್ನು ಮಾರಿಯಾಗಿತ್ತು, ಅವ್ವ ಕೂಲಿಗೆ ಹೋಗುತ್ತಿದ್ದಳು. ಮೀಸೆ ಚಿಗುರುವ ವಯಸ್ಸಿನಲ್ಲಿ ಬೆಂಚಿನ ಮೇಲೆ ಕುಳಿತು ಅವ್ವನ ಕೂಲಿ ತಿನ್ನುವುದು ನನಗೆ ಸರಿಬರಲಿಲ್ಲ. ಮಾನ್ವಿ ಕಡೆಗೆ ಕಾಲುವೆ ನೀರು ಬಂದು ಭತ್ತ ಹೆಚ್ಚಾಗಿತ್ತು, ಅಕ್ಕಿ ಗಿರಣಿಗಳು ಒಂದರ ಹಿಂದೊಂದು ಏಳುತ್ತಿದ್ದವು. ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಮೊದಲು ಚೀಲ ಹೊತ್ತೆ. ಆಮೇಲೆ ಬೆಲ್ಟು ಹಾಕುವುದು, ಬೇರಿಂಗಿಗೆ ಗ್ರೀಸ್ ತುಂಬುವುದು ಕಲಿತೆ. ಕೆಲವು ವರ್ಷಗಳಲ್ಲಿ ಗಿರಣಿಯ ಮಿಸ್ತ್ರಿಯಾದೆ. ಹೊರಗೆ ಚಹಾ ಕುಡಿಯುತ್ತಿದ್ದಾಗಲೇ ಯಂತ್ರದ ಸದ್ದು ಕೇಳಿ ಎಲ್ಲಿ ಏನು ಸಡಿಲಾಗಿದೆ ಎಂದು ಹೇಳುತ್ತಿದ್ದೆ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಬೆವರು ಸುರಿಸಿ ಕಲಿತದ್ದಕ್ಕೆ ಜಂಬ ಪಡಬಾರದೆಂದು ಯಾರೂ ಹೇಳಿಲ್ಲ.

1977ರಲ್ಲಿ ಮದುವೆಯಾಯಿತು. ಹುಡುಗಿ ನೀರಮಾನ್ವಿಯವಳು. ಅವಳ ಅಪ್ಪ ಶಾಲೆಯ ಜವಾನ. ಗಂಟೆ ಹೊಡೆಯಲು ಹೋಗುವಾಗ ಮಗಳನ್ನೂ ಜೊತೆಗೆ ಕರೆದೊಯ್ದು ಹತ್ತನೆಯವರೆಗೆ ಓದಿಸಿದ್ದ. ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದು ಉಳಿದಿತ್ತು. ನಮ್ಮ ಕುರುಬರ ಮನೆಗಳಲ್ಲಿ ಅಷ್ಟು ಓದಿದ ಹೆಣ್ಣು ಆಗ ಅಪರೂಪ. ಮದುವೆಯ ಚಪ್ಪರದಲ್ಲೇ ನನ್ನ ಸೋದರಮಾವ ಕಿವಿಯ ಹತ್ತಿರ ಬಂದು ಹೇಳಿದ: ‘ಲೇ, ನಿನಗಿಂತ ಹೆಚ್ಚು ಓದ್ಯಾಳ. ನಿನ್ನ ತಲಿ ಮ್ಯಾಲ ಕುಂದರ್ತಾಳ ನೋಡು.’

‘ಕುಂದರ್ಲಿ ಬಿಡು ಮಾವಾ. ಭತ್ತದ ಚೀಲ ಹೊತ್ತ ತಲಿ ಇದು. ಆಕಿ ಏನು ಭಾರ?’

ಮದುವೆಯಾಗಿ ಸ್ವಲ್ಪ ದಿನಕ್ಕೆ ಅವಳು ತನ್ನ ಮನಸ್ಸಿನಲ್ಲಿದ್ದದ್ದು ಹೇಳಿದಳು. ಆ ಇಂಗ್ಲಿಷ್ ಪೇಪರ್ ಪಾಸಾದರೆ ರಾಯಚೂರಿನಲ್ಲಿ ಶಿಕ್ಷಕರ ತರಬೇತಿಗೆ ಸೇರಬಹುದು, ತರಬೇತಿ ಮುಗಿದರೆ ಸರ್ಕಾರಿ ಶಾಲೆಯ ಟೀಚರ್ ಆಗಬಹುದು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಸೀರೆ, ಬಂಗಾರ ಎಂದು ಅವಳು ಕೇಳಿದ್ದು ನನಗೆ ನೆನಪಿಲ್ಲ. ನನಗೂ ಆ ಮಾತು ಹಿಡಿಸಿತು. ಮಿಸ್ತ್ರಿಯ ಹೆಂಡತಿ ಟೀಚರ್ ಆದರೆ ಯಾರಿಗೆ ಹೆಮ್ಮೆ?

ಅವ್ವನಿಗೆ ಹಿಡಿಸಲಿಲ್ಲ. ‘ಪರೀಕ್ಷಾ ಬೇಕಾದ್ರ ಬರೀಲಿ. ಆದ್ರ ಹೊಸ ಸೊಸಿ ಪರ ಗಂಡಸಿನ ಮುಂದ ಹೋಗಿ ಪಾಠಕ್ಕ ಕುಂದ್ರೂದು ನಮ್ಮ ಮನ್ಯಾಗ ನಡಿಯೂದಿಲ್ಲ’ ಎಂದಳು. ಮಾನ್ವಿಯಲ್ಲಿ ಆಗ ಇಂಗ್ಲಿಷ್ ಹೇಳಿಕೊಡುವ ಹೆಂಗಸರು ನಮಗೆ ಗೊತ್ತಿರಲಿಲ್ಲ. ಗಿರಣಿಯ ಹಿಂದಿನ ಓಣಿಯಲ್ಲಿ ನಿವೃತ್ತರಾದ ಇಂಗ್ಲಿಷ್ ಮಾಸ್ತರರೊಬ್ಬರಿದ್ದರು. ಅವರ ಹತ್ತಿರ ಹೋಗಿ ಸಂಗತಿ ಹೇಳಿದೆ.

‘ಹಂಗಾದ್ರ ನೀನೇ ಬಂದು ಕುಂದ್ರು ಮಿಸ್ತ್ರಿ. ಇಲ್ಲಿ ತುಂಬಿಸ್ಕೊಂಡು ಹೋಗಿ ಅಲ್ಲಿ ಸುರುವು’ ಎಂದರು ಮಾಸ್ತರರು.

‘ಪುಕ್ಕಟಿ ಕಲಿಯೂದಿಲ್ರಿ ನಾನು.’

ಅವರ ಮನೆಯಲ್ಲಿ ಒಂದು ಎಮ್ಮೆ ಇತ್ತು. ಗಿರಣಿಯಲ್ಲಿ ಮಿಸ್ತ್ರಿಗೆ ವಾರಕ್ಕೊಂದು ಬುಟ್ಟಿ ಅಕ್ಕಿ ತೌಡು ಕೊಡುವ ರೂಢಿ. ಆ ತೌಡು ಎಮ್ಮೆಗೆ ಎಂದು ಮಾತಾಯಿತು. ಹೀಗೆ ಎಂಟನೆಗೆ ಶಾಲೆ ಬಿಟ್ಟವನು ಹೆಂಡತಿಯ ಹತ್ತನೆಯ ಇಂಗ್ಲಿಷ್ ಕಲಿಯಲು ಕುಳಿತೆ. ಗಿರಣಿ ನಿಂತ ಮೇಲೆ ಕೈಕಾಲು ತೊಳೆದು ಹೋಗುತ್ತಿದ್ದೆ. ಮಾಸ್ತರರು ಪಾಟಿಯ ಮೇಲೆ ಬರೆದುಕೊಡುತ್ತಿದ್ದರು. ನಾನು ಅದನ್ನು ಅಳಿಸಿಹೋಗದಂತೆ ಎದೆಗೆ ತಾಗಿಸದೆ ಹಿಡಿದು ಮನೆಗೆ ತರುತ್ತಿದ್ದೆ.

ಎರಡು ತಿಂಗಳು ಸುಗಮವಾಗಿ ನಡೆಯಿತು. ಆಮೇಲೆ ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಬಂತು. ಮಾಸ್ತರರು ನನಗೆ ತಿಳಿಯುವ ಹಾಗೆ ಗಿರಣಿಯಿಂದಲೇ ಶುರು ಮಾಡಿದರು.

‘ಮಿಸ್ತ್ರಿ ಮಷೀನ್ ರಿಪೇರಿ ಮಾಡ್ದ. ಇದು ಆ್ಯಕ್ಟಿವ್. ಮಷೀನ್ ಮಿಸ್ತ್ರಿಯಿಂದ ರಿಪೇರಿ ಆತು. ಇದು ಪ್ಯಾಸಿವ್. ಮಾಡಿಸ್ಕೊಂಡಿದ್ದು ಮುಂದ ಬರ್ತದ, ಮಾಡಿದಾವ ಹಿಂದ ಹೋಗ್ತಾನ. ಅವನ ಮುಂದ “ಬೈ” ಅಂತ ಒಂದು ಹಾಕ್ಬೇಕು.’

‘ಇದ್ಯಾವ ನ್ಯಾಯರೀ? ಎಣ್ಣಿ ಬಳಕೊಂಡು ದುಡಿದಾವ ನಾನು, ಮುಂದ ಕುಂದ್ರೂದು ಮಷೀನಾ?’

‘ಇಂಗ್ಲಿಷಿನವರ ಹತ್ರ ಹೋಗಿ ಜಗಳಾಡು ಹೋಗು. ನಾನೇನು ಮಾಡ್ಲಿ?’

‘ಮಾಡಿದಾವನ ಹೆಸರು ಬರೀಲಿಕ್ಕೇ ಬೇಕ್ರೀ?’

‘ಕೆಲವು ಕಡೆ ಬಿಡಬಹುದು. ಆದ್ರ ಪರೀಕ್ಷಾದಾಗ ಹೆಸರು ಕೊಟ್ಟಿದ್ರ ಬರೀಲಿಕ್ಕೇ ಬೇಕು, ಇಲ್ಲಂದ್ರ ಮಾರ್ಕು ಕಟ್.’

ಅಷ್ಟಾದರೂ ಇದೆಯಲ್ಲ ಎಂದು ಸಮಾಧಾನವಾಯಿತು. ಅವತ್ತು ಪಾಟಿಯ ಮೇಲೆ ಬರೆದುಕೊಟ್ಟ ವಾಕ್ಯಗಳಲ್ಲಿ ನನ್ನ ಹೆಸರೇ ಇತ್ತು. ನನ್ನನ್ನು ನೋಡಿ ಬರೆದದ್ದಲ್ಲ. ನನ್ನದು ಪ್ರತಿ ಓಣಿಯಲ್ಲೂ ಇಬ್ಬರು ಮೂವರಿಗೆ ಇರುವಂಥ ಹೆಸರು. ವ್ಯಾಕರಣದ ಪುಸ್ತಕ ಬರೆಯುವವರಿಗೂ ಅದೇ ಹೆಸರು ಬೇಕು. ಮಾವಿನಹಣ್ಣು ತಿನ್ನುವವನು, ಹಾವು ಹೊಡೆಯುವವನು, ಬಾವಿ ತೋಡುವವನು, ಎಲ್ಲ ಅವನೇ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಓದಿದರೆ ಯಾಕೆಂದು ತಿಳಿಯುತ್ತದೆ.

ಸಂಜೆ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಪಕ್ಕದಲ್ಲಿ ಬೇಳೆ ಆರಿಸುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕುಳಿತು ಪಾಟಿ ನೋಡಿ ಹೇಳಿದೆ. ಬಾವಿ ತೋಡಿದ ವಾಕ್ಯ ಬಂತು. ಅವಳು ನನಗಿಂತ ಚುರುಕು. ರೊಟ್ಟಿಯಿಂದ ಕಣ್ಣೆತ್ತದೆ ತಿರುಗಿಸಿ ಹೇಳಿದಳು: ‘ಎ ವೆಲ್ ವಾಸ್ ಡಗ್ ಬೈ...’

ಅಷ್ಟಕ್ಕೆ ನಿಂತಳು.

‘ಬೈ ಯಾರು?’

ರೊಟ್ಟಿ ತಟ್ಟುತ್ತಲೇ ಇದ್ದಳು.

‘ಬೈ ಯಾರು ಹೇಳು. ಬಾವಿ ತೋಡಿದಾವ ಯಾರು?’

ಅವಳು ಗದ್ದ ಎತ್ತಿ ನನ್ನ ಕಡೆಗೆ ತೋರಿಸಿದಳು. ಅವ್ವ ಬೇಳೆಯ ಮೊರ ಕೆಳಗಿಟ್ಟು ನಕ್ಕಳು. ‘ಲೇ ಯಪ್ಪಾ, ಗಂಡನ ಹೆಸರು ಹೆಂಗ ಹೇಳ್ತಾಳ ಆಕಿ? ಹೇಳಿದ್ರ ನಿನ್ನ ಆಯುಷ್ಯ ಕಡಿಮಿ ಆಗೂದಿಲ್ಲೇನು?’

‘ಗಿರಣಿ ಸಾಹುಕಾರ ದಿನಕ್ಕ ನೂರು ಸಲ ನನ್ನ ಹೆಸರು ಹಿಡಿದು ಕರೀತಾನ. ಸತ್ತೀನೇನು ನಾನು?’

ಅದಕ್ಕೆ ಅವಳೇ ಉತ್ತರ ಕೊಟ್ಟಳು: ‘ಸಾಹುಕಾರ ನಿಮ್ಮ ಹೆಂಡ್ತಿ ಏನು?’

ನಮ್ಮ ಕಡೆ ಹೆಂಗಸರು ಗಂಡನನ್ನು ‘ಅವರು’, ‘ನಮ್ಮ ಮನಿಯವರು’ ಎಂದೇ ಹೇಳುವುದು. ಸಂತೆಯಲ್ಲಿ ಗಂಡ ಕಳೆದುಹೋದರೂ ಹೆಸರು ಹಿಡಿದು ಕೂಗುವುದಿಲ್ಲ. ಪರೀಕ್ಷೆಯಲ್ಲಿ ಹೇಳುವುದಿಲ್ಲ, ಬರೆಯುವುದು ತಾನೇ ಎಂದುಕೊಂಡು ನಾನು ಆ ಮಾತು ಅಲ್ಲಿಗೇ ಬಿಟ್ಟೆ.

ಮರುವರ್ಷ ಅಕ್ಟೋಬರ್ ಪರೀಕ್ಷೆಗೆ ರಾಯಚೂರಿಗೆ ಕರೆದುಕೊಂಡು ಹೋದೆ. ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕಾದೆ. ಹೊರಗೆ ಬಂದಾಗ ಅವಳ ಮುಖದಲ್ಲಿ ಕಳೆ ಇರಲಿಲ್ಲ. ಬಸ್ಸು ಊರು ದಾಟಿದ ಮೇಲೆ ಹೇಳಿದಳು. ವಾಯ್ಸಿನ ಪ್ರಶ್ನೆಯಲ್ಲಿ ಅದೇ ಹೆಸರು ಬಂದಿತ್ತು. ‘ಬೈ’ ತನಕ ಬರೆದು, ಮುಂದೆ ಗೆರೆ ಎಳೆದು ಬಿಟ್ಟಿದ್ದಾಳೆ. ಕೈ ಒಮ್ಮೆ ನಿಂತ ಮೇಲೆ ಉಳಿದದ್ದೂ ಗೊಂದಲವಾಗಿ, ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೂ ಬಿಟ್ಟಿದ್ದಾಳೆ.

‘ಬರದ್ರ ಏನಾಗ್ತಿತ್ತು?’

‘ಬಾಯಿಲೆ ಅಂದದ್ದು ಗಾಳಿಗೆ ಹೋಗ್ತದ. ಬರದದ್ದು ಉಳೀತದ. ಆ ಹಾಳಿ ಎಲ್ಲಿ ಬೀಳ್ತದೋ, ಯಾರು ತುಳೀತಾರೋ. ನನ್ನ ಕೈ ನಡೀಲಿಲ್ಲ.’

ಈ ಹಾಳೆಯ ಮೇಲೂ ನನ್ನ ಹೆಸರು ಇಲ್ಲದಿರುವುದು ಅದಕ್ಕೇ.

ಫೇಲಾದಳು. ಸ್ವಲ್ಪದರಲ್ಲೇ ಹೋಗಿತ್ತು. ಮಾಸ್ತರರಿಗೆ ಹೇಳಿದೆ. ಅವರು ಕೆಮ್ಮು ಬರುವ ತನಕ ನಕ್ಕರು. ‘ಎಂತೆಂಥವರನ್ನ ಫೇಲ್ ಮಾಡೀನಿ ಮಿಸ್ತ್ರಿ, ಗಂಡನ ಆಯುಷ್ಯಕ್ಕಂತ ಫೇಲಾದಾಕಿನ ನೋಡಿಲ್ಲ’ ಎಂದರು. ನನಗೆ ನಗು ಬರಲಿಲ್ಲ. ಅವಳು ಆ ದಿನಗಳಲ್ಲಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಬರೆಯಬಹುದಿತ್ತು. ಅವಳು ಬೇಡ ಎಂದಳು. ಅದೇ ಹೊತ್ತಿಗೆ ಗಿರಣಿಯ ಇಬ್ಬರು ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಕಟ್ಟುವ ಕೆಲಸಕ್ಕೆ ಹೊರಟಿದ್ದರು. ಕೂಲಿ ಚೆನ್ನಾಗಿದೆ, ಬಾ ಎಂದು ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ಇಲ್ಲಿ ಒಂದು ಕೆಲಸ ಅರ್ಧ ಉಳಿದಿತ್ತು. ಬಿಚ್ಚಿದ ಮಷೀನನ್ನು ಜೋಡಿಸದೆ ಬಿಟ್ಟು ಹೋದವನಲ್ಲ ನಾನು.

ಅವ್ವನಿಗೆ ಫೇಲಾದ ಕಾರಣ ಗೊತ್ತಿರಲಿಲ್ಲ. ‘ಓದು ತಲಿಗೆ ಹತ್ತಲಿಲ್ಲ, ಬಿಡು’ ಎಂದು ಒಂದು ದಿನ ಸೊಸೆಯ ಮುಂದೆಯೇ ಅಂದಳು. ಆಗ ನಾನು ಬಿಡಿಸಿ ಹೇಳಿದೆ. ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟಳು. ಆಮೇಲೆ ಸೊಸೆಯ ಕಡೆಗೆ ತಿರುಗಿದಳು.

‘ನನ್ನ ಮಗನ ಸಲುವಾಗಿ ಫೇಲಾದಿ ಏನಬೇ?’

ಅವಳು ಹೌದೆಂದು ತಲೆಯಾಡಿಸಿದಳು.

‘ಹುಚ್ಚಿ! ಮದುವ್ಯಾಗ ಅಕ್ಕಿ ಮ್ಯಾಲ ಕಾಲಿಡೂ ಮುಂದ ಹೆಸರು ಹೇಳಿದ್ದಿಲ್ಲೇನು ನೀನು?’

‘ಅದು ಒಡಪಿನ್ಯಾಗ ಹೇಳಿದ್ದೆ ಅತ್ತಿ.’

‘ಮತ್ತ ಇದನ್ನೂ ಒಡಪಿನ್ಯಾಗ ಹೇಳು. ಒಡಪು ಹಾಕಿ ಹೇಳಿದ್ರ ದೋಷ ಇಲ್ಲ. ನಮ್ಮವ್ವ, ನಮ್ಮವ್ವನ ಅವ್ವ ಎಲ್ಲಾರೂ ಹೇಳ್ಯಾರ.’

ನಮ್ಮ ಕಡೆ ಮದುವೆ, ಸೀಮಂತ, ತೊಟ್ಟಿಲ ಕಾರ್ಯಗಳಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ‘ಹೆಸರು ಹೇಳು, ಒಳಗ ಬಿಡ್ತೀವಿ’ ಎನ್ನುತ್ತಾರೆ. ಆಗ ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಅವ್ವ ಅದರಲ್ಲಿ ಹೆಸರುವಾಸಿ. ಕಾರ್ಯದ ಮನೆಗಳಿಗೆ ಅವಳನ್ನು ಕರೆದು ಹೇಳಿಸುತ್ತಿದ್ದರು. ಅವತ್ತೇ ಒಲೆಯ ಮುಂದೆ ಕುಳಿತು ಸೊಸೆಗೊಂದು ಕಟ್ಟಿಕೊಟ್ಟಳು:

‘ಮೊರದಾಗ ಅಕ್ಕಿ, ಮುಗಿಲಾಗ ಚುಕ್ಕಿ,
ಇಂಥವರ ಹೆಸರು ಹೇಳತೀನಿ, ನಾ ಅವರ ಮನಿಯಾಕಿ.’

‘ಇಂಥವರ’ ಎಂಬಲ್ಲಿ ನನ್ನ ಹೆಸರು. ‘ಸಣ್ಣದು ಕಟ್ಟೀನಿ. ಪರೀಕ್ಷಾದಾಗ ಟೈಮ್ ಇರೂದಿಲ್ಲಂತಲ್ಲ’ ಎಂದಳು ಅವ್ವ.

ಅಂದಿನಿಂದ ನಮ್ಮ ಮನೆಯಲ್ಲಿ ಪಾಠದ ರೀತಿಯೇ ಬದಲಾಯಿತು. ನಾನು ವಾಕ್ಯ ಹೇಳುವುದು. ಅವಳು ತಿರುಗಿಸಿ ‘ಬೈ’ ತನಕ ಬಂದು, ಒಡಪು ಹೇಳಿ, ಹೆಸರು ಹೇಳಿ, ಪಾಟಿಯ ಮೇಲೆ ಬರೆಯುವುದು. ಮೊದಮೊದಲು ನಾಚಿಕೊಂಡು ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಅವ್ವ ಬಿಡುತ್ತಿರಲಿಲ್ಲ. ‘ಹಾಂ, ಇನ್ನೊಂದು. ಈಗ ಹಾವು ಹೊಡೀಲಿ ಅವ’ ಎನ್ನುತ್ತಿದ್ದಳು. ನಡುವೆ ಪಕ್ಕದ ಮನೆಯವಳು ಬೆಂಕಿ ಕೇಳಲು ಬಂದು, ಯಾರ ಮದುವೆ ಎಂದು ವಿಚಾರಿಸಿ ಹೋದಳು.

ಏಪ್ರಿಲ್‌ನಲ್ಲಿ ಮತ್ತೆ ರಾಯಚೂರು. ಈ ಸಲ ಅವ್ವನೂ ಬಂದಳು. ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಪರೀಕ್ಷೆ ಮುಗಿಸಿ ಬಂದವಳು ನಗುತ್ತಿದ್ದಳು. ಆ ಹೆಸರು ಈ ಸಲವೂ ಬಂದಿತ್ತು. ಅವಳು ತುಟಿ ಅಲ್ಲಾಡಿಸುವುದನ್ನು ನೋಡಿ ಕಾವಲಿಗಿದ್ದ ಮೇಡಮ್ ಬಂದು ಮೇಜು ಬಡಿದರಂತೆ.

‘ಯಾರಿಗೆ ಹೇಳಿಕೊಡಾಕತ್ತೀಯವ್ವ ನೀನು? ಏಳು ಮ್ಯಾಲಕ್ಕ!’

ಇವಳು ಎದ್ದು ನಿಂತು, ಅಳು ಬಂದರೂ ತಡೆದು, ಇದ್ದದ್ದು ಇದ್ದ ಹಾಗೆ ಹೇಳಿದಳಂತೆ. ಮೇಡಮ್ ಪ್ರಶ್ನೆಪತ್ರಿಕೆ ನೋಡಿದರು, ಇವಳ ಕೊರಳ ತಾಳಿ ನೋಡಿದರು.

‘ಕುಂದ್ರು. ಬಾಯಿ ಮುಚ್ಕೊಂಡು ಮನಸ್ಸಿನ್ಯಾಗ ಹೇಳ್ಕೊ. ನಾನೂ ನಮ್ಮವರ ಹೆಸರು ಹೇಳೂದಿಲ್ಲ’ ಎಂದು ಹೋದರಂತೆ.

‘ಮನಸ್ಸಿನ್ಯಾಗ ಹೇಳಿದ್ರ ನಡೀತದೇನು ಯವ್ವಾ?’ ಎಂದು ನಾನು ಅವ್ವನನ್ನು ಕೇಳಿದೆ.

‘ನಡೀತದ. ಸುಮ್ನ ಬಸ್ ಹತ್ತು’ ಎಂದಳು.

ರಿಸಲ್ಟ್ ಪತ್ರಿಕೆಯಲ್ಲಿ ಬಂತು. ಗಿರಣಿಯಲ್ಲಿ ಸಾಹುಕಾರರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹುಡುಕಿದರು. ನಾನು ಎಣ್ಣೆ ಕೈ ಒರೆಸಿಕೊಳ್ಳುತ್ತ ನಿಂತಿದ್ದೆ. ‘ನಂಬರ್ ಅದ ಲೇ! ಪಾಸ್!’ ಎಂದರು. ಬೆಲ್ಟು ಓಡುತ್ತಿದ್ದಂತೆಯೇ ಬಿಟ್ಟು ಮನೆಗೆ ನಡೆದೆ. ಕೆಲಸದ ಹೊತ್ತಿನಲ್ಲಿ ನಾನು ಗಿರಣಿ ಬಿಟ್ಟು ಹೋದದ್ದು ಅದೊಂದೇ ಸಲ. ಅವಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಕೊಡ ಕೆಳಗಿಟ್ಟು ಅವ್ವನ ಕಾಲಿಗೆ ಬಿದ್ದಳು. ‘ನನ್ನ ಒಡಪು ಪಾಸಾತು ಅನ್ನು’ ಎಂದಳು ಅವ್ವ.

ತರಬೇತಿಗೆ ಸೀಟು ಸಿಕ್ಕಿತು. ಅವಳು ಓದುವಷ್ಟು ದಿನ ನಾವು ರಾಯಚೂರಿನಲ್ಲಿ ಖೋಲಿ ಹಿಡಿದೆವು. ನಾನು ಹತ್ತಿ ಗಿರಣಿಯಲ್ಲಿ ದುಡಿದೆ. 1983ರಲ್ಲಿ ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಅವಳಿಗೆ ನೌಕರಿಯಾಯಿತು. ಮೊದಲ ದಿನ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಶಾಲೆಯ ಬಾಗಿಲಿಗೆ ಬಿಟ್ಟೆ. ಅದೇ ಊರಿನಲ್ಲಿ ಹಿಟ್ಟಿನ ಗಿರಣಿ ಹಾಕಿದೆ. ಮತ್ತೊಬ್ಬರ ಗಿರಣಿಯಲ್ಲಿ ಆಮೇಲೆ ದುಡಿಯಲಿಲ್ಲ.

ಈಗ ಅವ್ವ ಇಲ್ಲ. ಇರುವುದು ಒಂದು ಹಿಟ್ಟಿನ ಗಿರಣಿ, ಒಂದು ಖಾರ ಕುಟ್ಟುವ ಮಷೀನು, ಎರಡು ಎಕರೆ ಎರೆಹೊಲ, ಮೂರು ಖೋಲಿಯ ಮನೆ, ಇಬ್ಬರು ಹೆಣ್ಣುಮಕ್ಕಳು, ಪಿಂಚಣಿ ಪಡೆಯುವ ಒಬ್ಬ ಟೀಚರಮ್ಮ.