ಅಗಸರ ಮನೆಯಿಂದ ಮರಳಿ ತಂದ ಸೀರೆ

ಅಕ್ಕ ಚೆನ್ನಾಗಿದ್ದ ಕೊನೆಯ ದಿನ ದೀಪಾವಳಿಯ ಪಾಡ್ಯ. ಅಂದು ಬೆಳಿಗ್ಗೆ ಅವಳು ನಮ್ಮ ಎಮ್ಮೆಯನ್ನು ಮಸ್ಕಿ ಹಳ್ಳಕ್ಕೆ ಹೊಡೆದುಕೊಂಡು ಹೋಗಿ, ಮೊಣಕಾಲುದ್ದ ನೀರಲ್ಲಿ ನಿಂತು ಮೈ ತಿಕ್ಕಿದಳು. ಮನೆಗೆ ತಂದು ಎಣ್ಣೆ ಸವರಿ, ಕೊಂಬಿಗೆ ಕೆಮ್ಮಣ್ಣು ಹಚ್ಚಿ, ಕೊರಳಿಗೆ ಕವಡೆ ಸರ ಕಟ್ಟಿದಳು. ಹೆರಿಗೆಗೆಂದು ಗುರುಗುಂಟಾದಿಂದ ತವರಿಗೆ ಬಂದವಳು. ಅವಳ ಹೆಣ್ಣು ಕೂಸಿಗೆ ಆಗಿನ್ನೂ ಕತ್ತು ನಿಂತಿರಲಿಲ್ಲ.

"ಹಸಿ ಬಾಣಂತಿ ಅದೀ, ತಣ್ಣೀರಾಗ ಇಳೀಬ್ಯಾಡ ಅಂದ್ರ ಕೇಳಂಗಿಲ್ಲ," ಎಂದು ಅವ್ವ ಬಾಗಿಲಲ್ಲಿ ನಿಂತು ಬೈದಳು. "ನೀ ಹಡದದ್ದು ಕೂಸನೋ ಎಮ್ಮಿನೋ?"

"ಎರಡೂ ನನ್ನವ ಬೇ," ಅಂದಳು ಅಕ್ಕ.

ಅದು ನಿಜವೇ ಆಗಿತ್ತು. ಆ ಎಮ್ಮೆಯನ್ನು ಕರುವಾಗಿದ್ದಾಗಿನಿಂದ ಸಾಕಿದವಳು ಅವಳು. ಆ ವರ್ಷ ಅದು ಈದ ಕರು ಉಳಿಯಲಿಲ್ಲ. ಆಮೇಲೆ ಅದು ಅಕ್ಕ ಬಂದು ಕೂತರೆ ಮಾತ್ರ ಹಾಲು ಇಳಿಸುತ್ತಿತ್ತು.

ಪಾಡ್ಯದ ಸಂಜೆ ಊರ ಅಗಸೆ ಬಾಗಿಲಿನಿಂದ ಬನ್ನಿಮರದವರೆಗೆ ಎಮ್ಮೆ ಓಡಿಸುತ್ತಿದ್ದರು. ಹಿಂದಿನಿಂದ ಹೊಡೆಯುವಂತಿಲ್ಲ, ಹಗ್ಗ ಹಿಡಿದು ಎಳೆಯುವಂತಿಲ್ಲ. ಮನೆಯವರು ಮುಂದೆ ಓಡಬೇಕು, ಎಮ್ಮೆ ತಾನಾಗಿ ಬೆನ್ನು ಹತ್ತಿ ಬರಬೇಕು. ಹೆಂಗಸರು ಓಡುವ ಪದ್ಧತಿ ಇರಲಿಲ್ಲ. ಹಾಗಾಗಿ ಅಣ್ಣ ಅಕ್ಕನ ಹಳೆಯ ಹಸಿರು ಸೀರೆಯನ್ನು ಮೈಗೆ ಸುತ್ತಿಕೊಂಡು ಓಡುತ್ತಿದ್ದ. ವಾಸನೆ ಹಿಡಿದು ಎಮ್ಮೆ ಹಿಂದೆ ಬರುತ್ತಿತ್ತು.

"ಏ, ಸೊಸಿ ಬಂದ್ಲು ನೋಡ್ರಲೇ! ಕುಂಕುಮ ಎಲ್ಲೈತಿ?" ಎಂದು ಅವನ ಗೆಳೆಯರು ಕೂಗಿದರು.

"ಮೊದ್ಲು ನಿಮ್ಮ ಎಮ್ಮಿ ನನ್ನ ಮುಂದ ಬರ್ಲಿ, ಆಮ್ಯಾಲ ಹಚ್ಕೋತೀನಿ," ಅಂದ ಅಣ್ಣ.

ನಮ್ಮ ಎಮ್ಮೆಯೇ ಗೆದ್ದಿತು. ಗೆದ್ದ ತೆಂಗಿನಕಾಯಿಯನ್ನು ಅಕ್ಕ ಎಮ್ಮೆಯ ಹಣೆಗೆ ಮುಟ್ಟಿಸಿ, ಒಡೆದು, ಅದಕ್ಕೂ ಒಂದು ಹೋಳು ತಿನ್ನಿಸಿದಳು.

ಮರುದಿನ ಅವಳಿಗೆ ಚಳಿಜ್ವರ ಬಂತು. ಬಂದದ್ದು ಬಿಡಲಿಲ್ಲ. ಜ್ವರದಲ್ಲೂ ಎಮ್ಮೆಯನ್ನು ಅವಳೇ ಹಿಂಡುತ್ತಿದ್ದಳು. ಅದು ನಿಜಾಮರ ಕಾಲ. ದವಾಖಾನೆ ಎಂದರೆ ಲಿಂಗಸುಗೂರಿಗೇ ಹೋಗಬೇಕು, ಹೋಗಲು ಎತ್ತಿನ ಬಂಡಿ. ಅಪ್ಪ ಮತ್ತು ಅಣ್ಣ ಅವಳನ್ನು ಬಂಡಿಯಲ್ಲಿ ಮಲಗಿಸಿಕೊಂಡು ಹೊರಟರು. ಬಂಡಿ ಅರ್ಧ ದಾರಿಯಿಂದ ತಿರುಗಿ ಬಂತು.

ಮಣ್ಣು ಮಾಡಿ ಬಂದ ಮೇಲೆ, ರೂಢಿಯಂತೆ ಅವಳ ಸೀರೆ ಕುಪ್ಪಸಗಳನ್ನೆಲ್ಲ ಅಗಸರ ಹಿರಿಯಾಕೆಗೆ ಕೊಟ್ಟರು. ಎಮ್ಮೆಯ ವಿಚಾರ ಯಾರ ತಲೆಗೂ ಹೊಳೆಯಲಿಲ್ಲ. ಸಂಜೆ ಅವ್ವ ಹಿಂಡಲು ಕೂತರೆ ಅದು ಹಿಂಗಾಲು ಝಾಡಿಸಿತು. ತಂಗಿ ನಾನು ಕೂತೆ, ನನ್ನನ್ನೂ ಒದೆಯಿತು. ನೆರೆಯವರು ಹಾಲು ಕೊಟ್ಟರು. ಎಳೆ ಕೂಸಿಗೆ ಒಂದೇ ದನದ ಹಾಲು ಹಾಕಬೇಕು, ಹತ್ತು ಮನೆಯ ಹಾಲು ಕಲೆತರೆ ಹೊಟ್ಟೆ ಕೆಡುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಕೆಟ್ಟಿತು ಕೂಡ. ಕೂಸಿನ ಅಳುವ ದನಿ ಸಣ್ಣದಾಗುತ್ತ ಬಂತು. ಇತ್ತ ಎಮ್ಮೆಯ ಕೆಚ್ಚಲು ಬಿಗಿದು ಕಲ್ಲಾಗಿತ್ತು. ಹಾಗೇ ಬಿಟ್ಟರೆ ಹಾಲೂ ನಿಲ್ಲುತ್ತಿತ್ತು, ಕೂಸೂ ಉಳಿಯುತ್ತಿರಲಿಲ್ಲ.

ಅವ್ವ ನನ್ನನ್ನು ಕರೆದುಕೊಂಡು ಅಗಸರ ಮನೆಗೆ ಹೋದಳು. ಹಸಿರು ಸೀರೆ ಮರಳಿ ಬೇಕು ಅಂದಳು. ಹಿರಿಯಾಕೆ ಗಾಬರಿಯಾದಳು.

"ಯವ್ವಾ, ಸತ್ತಾಕಿ ಅರಿಬಿ ಹೊಳ್ಳಿ ಕೇಳ್ತಾರೇನ? ಕೊಟ್ಟಮ್ಯಾಲ ಅಕಿ ಋಣ ಹರದಂಗ. ನೀ ಒಯ್ದ್ರ ಅಕಿನೂ ಬೆನ್ನ ಹತ್ತಿ ಬರ್ತಾಳ."

"ಬರ್ಲಿ ಬಿಡು," ಅಂದಳು ಅವ್ವ. "ಬಂದ್ರ ಚಲೋನ ಆತು. ಕೂಸಿಗಿಷ್ಟು ಹಾಲು ಹಿಂಡಿ ಹೋಗ್ಲಿ."

ಹಿರಿಯಾಕೆ ಒಳಗಿಂದ ಗಂಟು ತಂದು ಬಿಚ್ಚಿದಳು. "ನಿನ್ನ ನಸೀಬ. ಇನ್ನಾ ಒಗ್ಯಾಕ ಹಳ್ಳಕ್ಕ ಒಯ್ದಿಲ್ಲ."

ಆ ಸೀರೆ ಉಟ್ಟು ನಾನು ಕೊಟ್ಟಿಗೆಗೆ ಹೋದೆ. ಎಮ್ಮೆ ಮೂಸಿತು, ಸುಮ್ಮನೆ ನಿಂತಿತು, ಹಾಲು ಇಳಿಸಿತು. ತಂಬಿಗೆಗೆ ಬಿದ್ದ ಹಾಲಿನ ಸದ್ದು ಕೇಳಿ ಅವ್ವ ಹಿಂದೆ ಬಂದು ನಿಂತಳು.

"ಬಂದಿಯೇನ, ಹಿರೇಕಿ?"

ಮನೆಯಲ್ಲಿ ಅಕ್ಕನನ್ನು ಹಾಗೆ ಕರೆಯುತ್ತಿದ್ದರು. "ಬೇ, ನಾನು," ಅಂದೆ.

"ಗೊತ್ತೈತಿ," ಅಂದಳು. ಆದರೆ ಮರುದಿನವೂ ಅದನ್ನೇ ಕೇಳಿದಳು. ಆಮೇಲೆ ನಾನು ಉತ್ತರ ಕೊಡುವುದನ್ನು ಬಿಟ್ಟೆ. ಒಮ್ಮೊಮ್ಮೆ ನನಗೂ ಕೊರಳ ಹಿಂದೆ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ, ನೋಡಿದರೆ ಎಮ್ಮೆ ಬೆದರೀತು, ಕೂಸಿಗೆ ಹಾಲು ತಪ್ಪೀತು ಎಂದು ಕೈ ಆಡಿಸುತ್ತಲೇ ಇರುತ್ತಿದ್ದೆ. ಕೂಸು ಆ ಹಾಲು ಕುಡಿದು ಚೇತರಿಸಿಕೊಂಡಿತು. ಸೀರೆಯನ್ನು ಒಗೆಯಲಿಲ್ಲ. ಅಕ್ಕನ ಬೆವರಿನ ಮೇಲೆ ನನ್ನ ಬೆವರು, ಒಲೆಯ ಹೊಗೆ, ಕೂಸು ಕಕ್ಕಿದ ಹಾಲು ಸೇರಿದವು.

ಮತ್ತೆ ಪಾಡ್ಯ ಬಂತು. "ಮನ್ಯಾಗ ಹಬ್ಬ ಬ್ಯಾಡ," ಅಂದ ಅಪ್ಪ, "ಎಮ್ಮಿ ಓಡ್ಲಿ. ಕೂಸಿನ್ನ ಉಳಿಸಿದ್ದು ಅದಽ."

ಅಣ್ಣ ಹಸಿರು ಸೀರೆ ಸುತ್ತಿಕೊಂಡು ಅಗಸೆಯಿಂದ ಓಡತೊಡಗಿದ. ಈ ಸಲ ಯಾರೂ ನಗಲಿಲ್ಲ. "ಅಕಿನಽ ಓಡಿದಂಗ ಆತು ನೋಡ್ರೆ," ಎಂದು ಹೆಂಗಸರ ಗುಂಪಿನಲ್ಲಿ ಯಾರೋ ಮೆಲ್ಲಗೆ ಅಂದರು. ನಾನು ನನ್ನದೇ ಸೀರೆ ಉಟ್ಟು, ಕೂಸನ್ನು ಎತ್ತಿಕೊಂಡು ದಾರಿಯ ಬದಿಗೆ ನಿಂತಿದ್ದೆ. ಅರ್ಧ ದಾರಿಯಲ್ಲಿ ಎಮ್ಮೆ ನಿಂತಿತು. ಮೂತಿ ಎತ್ತಿತು. ಅಣ್ಣನನ್ನೂ ಅವನ ಹೆಗಲ ಮೇಲಿನ ಸೀರೆಯನ್ನೂ ಬಿಟ್ಟು, ಜನರನ್ನು ಸರಿಸಿಕೊಂಡು ನೇರ ನನ್ನ ಹತ್ತಿರ ಬಂದು ತೋಳಿಗೆ ಮೂತಿ ಒತ್ತಿತು.

ಪಕ್ಕದಲ್ಲಿದ್ದ ಅವ್ವ, "ಹಿರೇಕಿ ಹ್ವಾದ್ಲು," ಅಂದಳು. ವರ್ಷದುದ್ದಕ್ಕೂ ಅಳದವಳು ಅಲ್ಲೇ ದಾರಿಯಲ್ಲಿ ಕೂತು ಅತ್ತಳು.

ಆಮೇಲೆ ಅವ್ವ ಕೊಟ್ಟಿಗೆಯಲ್ಲಿ ಏನನ್ನೂ ಕೇಳಲಿಲ್ಲ. ನಾನು ಯಾವ ಸೀರೆ ಉಟ್ಟರೂ ಎಮ್ಮೆ ಹಾಲು ಕೊಡುತ್ತಿತ್ತು. ಹಸಿರು ಸೀರೆಯನ್ನು ನಾನೇ ಒಯ್ದು ಹಿರಿಯಾಕೆಗೆ ಕೊಟ್ಟೆ.

ಮುಂದಿನ ಬೇಸಿಗೆಯಲ್ಲಿ ನನ್ನನ್ನು ಅಕ್ಕನ ಗಂಡನಿಗೇ ಕೊಟ್ಟು ಮದುವೆ ಮಾಡಿದರು. ಕೂಸಿಗೆ ಬೇರೆಯವಳು ಬರಬಾರದು ಎಂದು ಎಲ್ಲರೂ ಅಂದರು, ನಾನೂ ಬೇಡವೆನ್ನಲಿಲ್ಲ. ಕೂಸು ಮಾತು ಕಲಿತು ನನ್ನನ್ನು ಅವ್ವ ಅಂದಿತು. ಅವಳು ದೊಡ್ಡವಳಾದ ಮೇಲೆ ಎಲ್ಲವನ್ನೂ ಹೇಳಿದೆ. ಕೇಳಿ ಅತ್ತಳು. ಆದರೂ ಅಕ್ಕನ ಮಾತು ಬಂದಾಗ ದೊಡ್ಡವ್ವ ಅಂತಲೇ ಅನ್ನುತ್ತಾಳೆ. ಅಕ್ಕನನ್ನು ಅವ್ವ ಎಂದು ಇವತ್ತಿಗೂ ಯಾರೂ ಕರೆದಿಲ್ಲ.