ರಸ್ತೆ ಕಾಣದ ಶೂ

ಮಗಳಿಗೆ ಆಗ ಐದು ವರ್ಷ. ಶಾಲೆಗೆ ಇನ್ನೂ ಸೇರಿಸಿರಲಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗು. ಮಾತಿಗೇನೂ ಕಡಿಮೆಯಿಲ್ಲ, ಕಾಲು ಮಾತ್ರ ಬಿಗಿ. ಹಿಮ್ಮಡಿ ನೆಲಕ್ಕೆ ತಾಗದೆ ತುದಿಗಾಲಿನಲ್ಲೇ ನಡೆಯುತ್ತಿದ್ದಳು. ಮೂಳೆ ಬೆಳೆಯುವಷ್ಟು ಬೇಗ ಮೀನಖಂಡದ ಸ್ನಾಯು ಉದ್ದವಾಗುವುದಿಲ್ಲ, ಮಗು ಎತ್ತರವಾದಂತೆಲ್ಲ ಅದು ಹಿಮ್ಮಡಿಯನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತದೆ ಎಂದು ಠಾಣೆ ಪಟ್ಟಣದ ಡಾಕ್ಟರು ಹೇಳಿದ್ದರು. ಬೇರೆ ತಾಯಂದಿರು ಮಗುವಿನ ಫ್ರಾಕ್ ಗಿಡ್ಡವಾದರೆ ಹಿಗ್ಗುತ್ತಾರೆ. ನಾನು ಮೊದಲು ಅವಳ ಹಿಮ್ಮಡಿ ನೋಡುತ್ತಿದ್ದೆ.

ಪಾದವನ್ನು ಸರಿಯಾಗಿ ಹಿಡಿದಿಡಲು ಮೊಣಕಾಲಿನ ಕೆಳಗಿನವರೆಗೆ ಬರುವ ಪ್ಲಾಸ್ಟಿಕ್ ಸ್ಪ್ಲಿಂಟ್ ಮಾಡಿಸಿದೆವು. ಹಗಲೆಲ್ಲ ಹಾಕಿರಬೇಕು, ಆಗ ಆಪರೇಶನ್ ಇಲ್ಲದೆ ದಾಟಬಹುದು ಎಂದಿದ್ದರು ಡಾಕ್ಟರು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಬದುಕುತ್ತಿದ್ದೆ.

ಬರೀ ಸ್ಪ್ಲಿಂಟ್ ಟೈಲ್ಸ್ ಮೇಲೆ ಜಾರುತ್ತದೆ, ಮೇಲೆ ಶೂ ಬೇಕೇ ಬೇಕು. ಹಗಲು ಮಗುವನ್ನು ನೋಡಿಕೊಳ್ಳಲು ನನ್ನ ಅಮ್ಮ ಉಡುಪಿ ಕಡೆಯಿಂದ ಡೊಂಬಿವಲಿಗೆ, ನಮ್ಮಲ್ಲಿಗೆ ಬಂದಿದ್ದರು. ನಮ್ಮ ಮನೆಯಲ್ಲಿ ಚಪ್ಪಲಿ ಹೊಸ್ತಿಲು ದಾಟಿದ್ದಿಲ್ಲ. ದೇವರ ಗೂಡಂತೂ ಹಾಲಿನಿಂದ ನಾಲ್ಕು ಹೆಜ್ಜೆ ದೂರದ ಅಡುಗೆಮನೆಯಲ್ಲಿ. ಅದಕ್ಕೇ ಮನೆಯೊಳಗಿನ ಬಳಕೆಗೆಂದು ಬೇರೆ ಶೂ ತಂದೆ. "ಇದು ರಸ್ತೆಯನ್ನೇ ಕಂಡಿಲ್ಲ ಅಮ್ಮ, ಚಪ್ಪಲಿ ಅಂತ ಲೆಕ್ಕ ಹಿಡಿಬೇಡ" ಎಂದೆ. ಅಮ್ಮ ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ, ಪೆದ್ದಿ.

ನನ್ನ ಆಫೀಸು ಐರೋಲಿಯಲ್ಲಿ. ಸಂಜೆ ಠಾಣೆಗೆ ಬಂದು ರೈಲು ಬದಲಿಸಿ ಡೊಂಬಿವಲಿಯಲ್ಲಿ ಇಳಿದ ಕೂಡಲೇ ಮನೆಗೆ ಫೋನು ಮಾಡುತ್ತಿದ್ದೆ, ಕೊತ್ತಂಬರಿಯೋ ಹಾಲೋ ಏನಾದರೂ ಬೇಕಾ ಎಂದು. ಮನೆಗೆ ಬಂದರೆ ಮಗಳು ಸ್ಪ್ಲಿಂಟು, ಶೂ ಹಾಕಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದಳು. ನಾನೇ ಬಿಚ್ಚುತ್ತಿದ್ದೆ. ಚರ್ಮದ ಮೇಲೆ ಒಂದು ಕೆಂಪು ಗುರುತಿಲ್ಲ. ಎಷ್ಟು ಚೆನ್ನಾಗಿ ಕೂತಿದೆ ಎಂದು ಶಹಾಡಿನ ಹೋಟೆಲಿನಲ್ಲಿ ಕೆಲಸದಲ್ಲಿರುವ ಗಂಡನಿಗೆ ಫೋನಿನಲ್ಲಿ ಹೇಳಿ ಹೆಮ್ಮೆಪಟ್ಟಿದ್ದೆ. ಕಾಲು ದಿನೇ ದಿನೇ ಬಿಗಿಯಾಗುತ್ತಿದ್ದುದು ಗೊತ್ತಾಗುತ್ತಿತ್ತು. ಬೆಳೆಯುತ್ತಿದ್ದಾಳಲ್ಲ, ಅದಕ್ಕೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆರು ತಿಂಗಳ ಮೇಲೆ ಸ್ಪ್ಲಿಂಟ್ ಗಿಡ್ಡವಾಯಿತು. ಹೊಸತಕ್ಕೆ ಅಳತೆ ಕೊಡಲು ಅದನ್ನು ಮಾಡಿಕೊಟ್ಟವರ ರಬಾಳೆಯ ವರ್ಕ್‌ಶಾಪಿಗೆ ಮಗಳನ್ನು ಕರೆದುಕೊಂಡು ಹೋದೆ. ಅವರು ಹಳೆಯದನ್ನು ತಿರುಗಿಸಿ ನೋಡಿದರು. ವೆಲ್ಕ್ರೋ ಪಟ್ಟಿಯಲ್ಲಿ ಒಂದು ಕೂದಲೂ ಸಿಕ್ಕಿಕೊಂಡಿರಲಿಲ್ಲ, ಒಳಗಿನ ಮೆತ್ತೆ ಒಂದಿಷ್ಟೂ ತಗ್ಗಿರಲಿಲ್ಲ. "ಮ್ಯಾಡಮ್, ಯೇ ರೋಜ್ ಪೆಹನಾ ಹುವಾ ನಹೀ ಹೈ. ಹಫ್ತೇ ಮೇ ಏಕ್ ದಿನ್, ಬಸ್."

ದಿನಾ ಹಾಕಿದ್ದೇ ಅಲ್ಲವಂತೆ! ನಾನು ಅವರ ಮೇಲೆ ರೇಗಿದೆ. ದಿನಾ ನನ್ನ ಕೈಯಾರೆ ಬಿಚ್ಚುತ್ತೇನೆ, ಏನು ಹೇಳುತ್ತೀರಿ ಎಂದೆ. ಆಮೇಲೆ ವಾರಕ್ಕೊಂದು ದಿನ ಎಂಬುದು ಒಳಗಿಳಿಯಿತು. ವಾರಕ್ಕೊಂದು ದಿನ ಎಂದರೆ ನನ್ನ ರಜೆಯ ಭಾನುವಾರ. ಮಗಳ ಕಡೆ ನೋಡಿದೆ. ಅವಳು ಗೋಡೆ ನೋಡುತ್ತಾ ಹೇಳಿದಳು: "ಅಜ್ಜೀ ನೇ ಬೋಲಾ ಥಾ, ಮಮ್ಮಾ ಕೋ ಮತ್ ಬತಾನಾ. ಆಪ್ಕಾ ಫೋನ್ ಆತಾ ಥಾ ನಾ, ತಬ್ ಪೆಹನಾತೀ ಥೀ."

ಮಮ್ಮಾಗೆ ಹೇಳಬೇಡ ಎಂದಿದ್ದರಂತೆ ಅಜ್ಜಿ, ನನ್ನ ಫೋನು ಬಂದಾಗಷ್ಟೇ ತೊಡಿಸುತ್ತಿದ್ದರಂತೆ. ಆ ಫೋನು! ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ನಾನು ಮಾಡುತ್ತಿದ್ದ ಫೋನು.

ಮನೆಗೆ ಬಂದಾಗ ಅಮ್ಮ ಬಸಳೆ ಬಿಡಿಸುತ್ತಿದ್ದರು. ಕೇಳಿದೆ. ಸೊಪ್ಪಿನಿಂದ ಕೈ ತೆಗೆಯದೆ ಉತ್ತರ ಕೊಟ್ಟರು.

"ದೀಪ ಉರಿಯುವ ಮನೆಯಲ್ಲಿ ಶೂ ಹಾಕ್ಕೊಂಡು ತಿರುಗ್ಲಿಕ್ಕೆ ಬಿಡುದಾ ನಾನು? ಶೂ ಅಂದ್ರೆ ಶೂವೇ ಮಾರಾಯ್ತಿ. ಮಗು ಬೇರೆ ಕೂಗ್ತಿತ್ತು. ದಿನಾ ಎಣ್ಣೆ ಹಚ್ಚಿ ತಿಕ್ಕಿದ್ದೇನೆ, ಅದು ಕಾಣುದಿಲ್ವಾ ನಿಂಗೆ?"

"ಆಗ್ಲಿಕ್ಕಿಲ್ಲ ಅಂತ ಮೊದ್ಲೇ ಹೇಳ್ಬಹುದಿತ್ತಲ್ಲ ಅಮ್ಮ?"

"ಹೇಳಿದ್ರೆ ನೀನು ಬೇಜಾರು ಮಾಡ್ತಿದ್ದಿ."

ನನ್ನ ಬೇಜಾರು ತಪ್ಪಿಸಲು ಆರು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದರು. ಗೊತ್ತಿಲ್ಲದವರು ಮಾಡಿದ್ದರೆ ಬಾಯಿಗೆ ಬಂದಂತೆ ಬೈದು ಮರೆಯುತ್ತಿದ್ದೆನೇನೋ. ಹೆತ್ತ ತಾಯಿ ಮಾಡಿದಳು ಎಂಬುದು ಇಂದಿಗೂ ಗಂಟಲಿನಿಂದ ಕೆಳಗಿಳಿದಿಲ್ಲ. ಊರಿಗೆ ಕಳಿಸಿಬಿಡುತ್ತೇನೆ ಎಂದು ಕೂಗಾಡಿದೆ. ಕಳಿಸಲಿಲ್ಲ. ಮರುದಿನ ನಾನು ಐರೋಲಿಗೆ ಹೋಗಲೇಬೇಕಿತ್ತು.

ಡಾಕ್ಟರು ಪಾದವನ್ನು ಮೇಲಕ್ಕೊತ್ತಿ ನೋಡಿ, ಆಪರೇಶನ್‌ಗೆ ಮೊದಲು ಕೊನೆಯ ಪ್ರಯತ್ನವೆಂದು ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿದರು. ವಾರ ವಾರ ಬಿಚ್ಚಿ, ಇನ್ನಷ್ಟು ಎಳೆದು, ಮತ್ತೆ ಹಾಕುವುದು. ಬಿಗಿಯಾಗಿ ನೋವು ಬಂದರೆ, ಬೆರಳು ಜೋಮು ಹಿಡಿದರೆ ತಡಮಾಡದೆ ಕರೆತನ್ನಿ, ಮಗುವನ್ನು ಕೇಳುತ್ತಿರಿ ಎಂದರು.

ಕೇಳುತ್ತೇನೆ. "ನೋವಾಗ್ತದಾ ಪುಟ್ಟಾ?"

ಅವಳು ಮೊದಲು ಅಜ್ಜಿಯ ಮುಖ ನೋಡುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ ನಗುತ್ತಾಳೆ. "ನಹೀ ಮಮ್ಮಾ, ಬಿಲ್ಕುಲ್ ನಹೀ."

ನಾನು ಪ್ಲಾಸ್ಟರಿನಾಚೆ ಕಾಣುವ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಒತ್ತಿ, ಬಿಳಿಚಿದ ಉಗುರಿಗೆ ಮತ್ತೆ ಕೆಂಪು ಬರುತ್ತದೆಯೇ ಎಂದು ಕಾಯುತ್ತೇನೆ. ಮಗಳ ಮಾತಿಗಿಂತ ಅವಳ ಉಗುರನ್ನೇ ಹೆಚ್ಚು ನಂಬುತ್ತೇನೆ.